ಮಣ್ಣಿನಲ್ಲಿರುವ ಕಬ್ಬಿಣವೂ ಅದನ್ನು ಗಳಿಸುವ ಸೂಕ್ಷ್ಮಜೀವಿಗಳೂ

ನಮ್ಮ ಶಾಲೆಯಲ್ಲಿ ಓದಿದವರಿಗೆ ಕೆಂಪು ಮಣ್ಣಿನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದ ಅವಶ್ಯಕತೆಯಿಲ್ಲ. ಮಳೆಗಾಲದ ಮೊದಲನೆಯ ವಾರದಲ್ಲಿಯೇ ಬಿಳಿಯ ಸಮವಸ್ತ್ರದ ಅಂಚಿಗೆ ಹಿಡಿದು, ಎಷ್ಟು ಒಗೆದರೂ ಬಿಡದೆ, ತಾಯಂದಿರ ತಾಳ್ಮೆಯನ್ನು ಪರೀಕ್ಷಿಸುವ ಆ ಕಲೆಯನ್ನು ಯಾರು ತಾನೇ ಮರೆತಾರು? ಆ ಕಲೆಯ ಬಣ್ಣವು ಕಬ್ಬಿಣದ ಬಣ್ಣವಾಗಿದೆ. ಅದು ನೀರಿಗೆ ಬಿಡುವುದಿಲ್ಲ, ಸಾಬೂನಿಗೆ ಬಿಡುವುದಿಲ್ಲ. ನಿಂಬೆಹಣ್ಣಿನ ರಸವನ್ನು ಹಚ್ಚಿ ಬಿಸಿಲಿಗಿಟ್ಟರೆ ಮಾತ್ರ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಹೀಗೇಕೆಂದು ಒಮ್ಮೆಯಾದರೂ ವಿಚಾರಮಾಡಿದವರು ಈ ಲೇಖನದ ಅರ್ಧ ವಿಷಯವನ್ನು ಆಗಲೇ ತಿಳಿದುಕೊಂಡಂತಾಯಿತು.

ಭೂಮಿಯ ಹೊರಪದರದ ತೂಕದಲ್ಲಿ ನೂರಕ್ಕೆ ಸುಮಾರು 5 ಪಾಲು ಕಬ್ಬಿಣವಿದೆ. ಲೋಹಗಳಲ್ಲಿ ಅಲ್ಯುಮಿನಿಯಮೊಂದನ್ನು ಬಿಟ್ಟರೆ ಇದಕ್ಕಿಂತ ಹೇರಳವಾದುದು ಬೇರೊಂದಿಲ್ಲ. ಸಾಧಾರಣ ಮಣ್ಣಿನಲ್ಲಿ ನೂರಕ್ಕೆ 1ರಿಂದ 5 ಪಾಲಿನಷ್ಟು ಕಬ್ಬಿಣವಿರುವುದುಂಟು. ನಮ್ಮ ಕರಾವಳಿಯ ಮುರಮಣ್ಣಿನಲ್ಲಿ ಇನ್ನೂ ಹೆಚ್ಚು. ಹತ್ತು ಕಿಲೋ ತೂಗುವ ಒಂದು ಬುಟ್ಟಿ ಮಣ್ಣನ್ನು ತೆಗೆದುಕೊಳ್ಳಿರಿ. ಕಡಮೆಯೆಂದರೂ ಅದರಲ್ಲಿ 100 ಗ್ರಾಂ ಕಬ್ಬಿಣವಿದೆ. ಬೆಳೆದ ಒಬ್ಬ ಮನುಷ್ಯನ ಶರೀರದಲ್ಲಿರುವ ಕಬ್ಬಿಣವು ಒಟ್ಟು 3ರಿಂದ 4 ಗ್ರಾಂ ಮಾತ್ರ. ಅಂದರೆ ಒಂದು ಬುಟ್ಟಿ ಮಣ್ಣಿನೊಳಗೆ ಇಪ್ಪತ್ತೈದು ಮಂದಿಗೆ ಸಾಕಾಗುವಷ್ಟು ಕಬ್ಬಿಣವು ಅಡಗಿದೆಯೆಂದಾಯಿತು.

ಹೀಗಿದ್ದರೂ ಆ ಮಣ್ಣಿನ ಮೇಲೆ ನಡೆದಾಡುವ ನಮ್ಮ ಹೆಣ್ಣುಮಕ್ಕಳ ರಕ್ತದಲ್ಲಿ ಕಬ್ಬಿಣದ ಕೊರತೆಯಿದೆ. 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇರುವುದಾಗಿ ಕಂಡುಬಂತು. ರಕ್ತಹೀನತೆಗೆಲ್ಲ ಕಬ್ಬಿಣದ ಅಭಾವವೊಂದೇ ಕಾರಣವಲ್ಲವಾದರೂ ಅದು ಮುಖ್ಯ ಕಾರಣಗಳಲ್ಲೊಂದು. ತರಗತಿಯಲ್ಲಿ ಮಧ್ಯಾಹ್ನದ ಮೇಲೆ ತೂಕಡಿಸುವ, ಎರಡು ಮಹಡಿ ಹತ್ತಿದರೆ ಏದುಸಿರು ಬಿಡುವ ಹುಡುಗಿಯನ್ನು ಸೋಮಾರಿಯೆಂದು ಗದರಿಸುವುದಕ್ಕೆ ಮುಂಚೆ ಈ ಸಂಖ್ಯೆಯನ್ನು ನಾವು ಜ್ಞಾಪಿಸಿಕೊಳ್ಳುವುದು ಒಳ್ಳೆಯದು. ಸುತ್ತಲೂ ಸಮೃದ್ಧಿ, ಒಳಗೆ ದಾರಿದ್ರ್ಯ: ಇದು ಹೇಗೆ? ಈ ಪ್ರಶ್ನೆಯು ನಮಗಿಂತ ಬಹಳ ಹಿಂದೆಯೇ ಮಣ್ಣಿನ ಸೂಕ್ಷ್ಮಜೀವಿಗಳ ಎದುರಿಗೆ ಬಂದಿತ್ತು. ಅವು ಅದಕ್ಕೆ ಕಂಡುಕೊಂಡ ಉತ್ತರವು ಬಹು ಸ್ವಾರಸ್ಯವಾದುದು. ಮತ್ತು ಆ ಉತ್ತರದಿಂದ ನಮ್ಮ ಆಸ್ಪತ್ರೆಗಳಿಗೂ ಹೊಲಗಳಿಗೂ ಪ್ರಯೋಜನವುಂಟಾಗಿದೆ. ಆದಕಾರಣ ಅದನ್ನು ಇಲ್ಲಿ ವಿವರಿಸಲು ಯತ್ನಿಸುವೆನು.

ಕಬ್ಬಿಣವು ಜೀವಿಗಳಿಗೆ ಏಕೆ ಬೇಕೆಂಬುದನ್ನು ಮೊದಲು ನೋಡೋಣ. ನಮ್ಮ ರಕ್ತದ ಹಿಮೋಗ್ಲೋಬಿನ್ ಎಂಬ ವಸ್ತುವು ಆಮ್ಲಜನಕವನ್ನು ಹಿಡಿದು ಒಯ್ಯುವುದು ಕಬ್ಬಿಣದ ಸಹಾಯದಿಂದಲೇ ಎಂಬುದು ಎಂಟನೆಯ ತರಗತಿಯ ಮಕ್ಕಳಿಗೂ ಗೊತ್ತು. ಆದರೆ ರಕ್ತವೇ ಇಲ್ಲದ ಬ್ಯಾಕ್ಟೀರಿಯಕ್ಕೆ ಕಬ್ಬಿಣವೇಕೆ? ಆಹಾರದಿಂದ ಶಕ್ತಿಯನ್ನು ಹೊರಡಿಸುವಾಗ ಪ್ರತಿಯೊಂದು ಜೀವಕಣವೂ ಎಲೆಕ್ಟ್ರಾನ್‌ಗಳನ್ನು ಕೈಯಿಂದ ಕೈಗೆ ದಾಟಿಸಬೇಕಾಗುತ್ತದೆ. ಈ ಕೆಲಸಕ್ಕೆ ಕಬ್ಬಿಣದಷ್ಟು ಅನುಕೂಲವಾದ ಲೋಹವಿಲ್ಲ. ಏಕೆಂದರೆ ಅದು ಒಂದು ಎಲೆಕ್ಟ್ರಾನನ್ನು ಸುಲಭವಾಗಿ ಕೊಡುತ್ತದೆ, ಅಷ್ಟೇ ಸುಲಭವಾಗಿ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಗಾಳಿಯ ಸಾರಜನಕವನ್ನು ಹಿಡಿದು ಹುರುಳಿ, ಅಲಸಂದೆಗಳ ಬೇರಿನಲ್ಲಿ ಗೊಬ್ಬರವನ್ನಾಗಿ ಮಾಡುವ ಸೂಕ್ಷ್ಮಜೀವಿಗಳ ಉಪಕರಣವೂ ಕಬ್ಬಿಣದ್ದೇ. ಬೆರಳೆಣಿಕೆಯ ಕೆಲವು ಜೀವಿಗಳನ್ನುಳಿದರೆ ಕಬ್ಬಿಣವಿಲ್ಲದೆ ಬದುಕಬಲ್ಲ ಜೀವಿಯೇ ಇಲ್ಲವೆಂದರೆ ಅತಿಶಯೋಕ್ತಿಯಾಗದು.

ಕಬ್ಬಿಣವು ಪ್ರಕೃತಿಯಲ್ಲಿ ಸಾಮಾನ್ಯವಾಗಿ ಎರಡು ಅವಸ್ಥೆಗಳಲ್ಲಿರುವುದು. ಎರಡು ಎಲೆಕ್ಟ್ರಾನ್‌ಗಳನ್ನು ಕಳೆದುಕೊಂಡ ಕಬ್ಬಿಣಕ್ಕೆ ಫೆರಸ್ ಎಂದೂ, ಮೂರನ್ನು ಕಳೆದುಕೊಂಡದ್ದಕ್ಕೆ ಫೆರಿಕ್ ಎಂದೂ ಹೆಸರು. ಫೆರಸ್ ಕಬ್ಬಿಣವು ನೀರಿನಲ್ಲಿ ಕರಗುತ್ತದೆ. ಮಸಿ ಮಾಡುವುದಕ್ಕೆ ಹಿಂದಿನವರು ಉಪಯೋಗಿಸುತ್ತಿದ್ದ ಅನ್ನಭೇದಿಯು ಇಂಥದು. ಫೆರಿಕ್ ಕಬ್ಬಿಣವಾದರೋ ಆಮ್ಲಜನಕದೊಡನೆಯೂ ನೀರಿನೊಡನೆಯೂ ಸೇರಿ ತುಕ್ಕಾಗುತ್ತದೆ, ತುಕ್ಕು ಕರಗುವುದಿಲ್ಲ. ಭೂಮಿಯ ಮೊದಲನೆಯ ಯುಗಗಳಲ್ಲಿ ವಾಯುಮಂಡಲದಲ್ಲಿ ಆಮ್ಲಜನಕವು ಇಲ್ಲವೆಂಬಷ್ಟು ಸ್ವಲ್ಪವಾಗಿತ್ತು. ಆಗ ಸಮುದ್ರದ ನೀರಿನಲ್ಲಿ ಫೆರಸ್ ಕಬ್ಬಿಣವು ಧಾರಾಳವಾಗಿ ಕರಗಿತ್ತು; ಆ ಕಾಲದ ಜೀವಿಗಳು ಅದನ್ನು ಕಷ್ಟವಿಲ್ಲದೆ ಕುಡಿದುವು. ಅನಂತರ ಸೂರ್ಯನ ಬೆಳಕಿನಿಂದ ಆಹಾರವನ್ನು ತಯಾರಿಸುವ ಸೂಕ್ಷ್ಮಜೀವಿಗಳು ಹುಟ್ಟಿ ಆಮ್ಲಜನಕವನ್ನು ಹೊರಗೆ ಬಿಡತೊಡಗಿದುವು. ಸುಮಾರು 240 ಕೋಟಿ ವರ್ಷಗಳ ಹಿಂದೆ ವಾಯುಮಂಡಲದಲ್ಲಿ ಅದು ಗಮನಾರ್ಹವಾಗಿ ಸೇರಿತು. ಕರಗಿದ್ದ ಕಬ್ಬಿಣವು ತುಕ್ಕಾಗಿ ಸಮುದ್ರದ ತಳಕ್ಕೆ ಇಳಿಯಿತು. ಅಂಥ ಪುರಾತನ ಸಮುದ್ರಗಳ ತಳದಲ್ಲಿ ಪದರಪದರವಾಗಿ ನಿಂತ ಕಬ್ಬಿಣವೇ ಇಂದು ಬಾಬಾಬುಡನ್ ಗಿರಿಯಲ್ಲಿಯೂ ಕುದುರೆಮುಖದಲ್ಲಿಯೂ ಸಂಡೂರಿನಲ್ಲಿಯೂ ಅದುರಾಗಿ ಕಾಣಸಿಗುತ್ತದೆ. ಪ್ರಾಣವಾಯುವೆಂದು ನಾವು ಕೊಂಡಾಡುವ ವಸ್ತುವು ಬಂದುದೇ ಕಬ್ಬಿಣಕ್ಕೆ ಬರಗಾಲವು ಬಂದುದಕ್ಕೆ ಕಾರಣವಾಯಿತೆಂಬುದು ವಿಚಿತ್ರವಲ್ಲವೇ?

ಮುರಕಲ್ಲಿನ ಕಥೆಯೂ ಇದೇ ಜಾತಿಯದು. ಹೆಚ್ಚು ಮಳೆಯೂ ಹೆಚ್ಚು ಶಾಖವೂ ಇರುವ ಪ್ರದೇಶಗಳಲ್ಲಿ, ಸಾವಿರಾರು ವರ್ಷಗಳ ಮಳೆಯು ಬಂಡೆಯೊಳಗಿನ ಸುಣ್ಣ, ಮೆಗ್ನೀಸಿಯಮ್ ಮೊದಲಾದ ಕರಗುವ ವಸ್ತುಗಳನ್ನೆಲ್ಲ ಕೊಚ್ಚಿಕೊಂಡುಹೋಗುತ್ತದೆ. ಕರಗದ ಕಬ್ಬಿಣವೂ ಅಲ್ಯುಮಿನಿಯಮೂ ಹಿಂದುಳಿಯುತ್ತವೆ. ಮೈಸೂರು, ಕನ್ನಡ, ಮಲೆಯಾಳ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬಾತನು 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಈ ಕಲ್ಲನ್ನು ವರ್ಣಿಸಿ, ಇಟ್ಟಿಗೆಯೆಂಬರ್ಥದ ಲ್ಯಾಟಿನ್ ಶಬ್ದದಿಂದ ಅದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನಿಟ್ಟನು. ನೆಲದೊಳಗಿರುವಾಗ ಕತ್ತಿಯಿಂದ ಕಡಿಯಬಹುದಾದಷ್ಟು ಮೆದುವಾಗಿದ್ದು, ಗಾಳಿಗೆ ಬಂದಮೇಲೆ ಗಟ್ಟಿಯಾಗುವ ಈ ಕಲ್ಲು ಜಗತ್ತಿನ ಭೂವಿಜ್ಞಾನಕ್ಕೆಲ್ಲ ನಮ್ಮ ಕಡಲತೀರದಿಂದಲೇ ಹೆಸರನ್ನು ಪಡೆಯಿತು. ಮಳೆಯು ತೊಳೆದು ತೊಳೆದು ಸೋತುಹೋದ ಮೇಲೆ ಉಳಿದ ವಸ್ತುವೇ ಇದೆಂದ ಮೇಲೆ, ಇದರೊಳಗಿನ ಕಬ್ಬಿಣವು ಎಷ್ಟು ಹಟಮಾರಿಯೆಂದು ಬೇರೆ ಹೇಳಬೇಕಾಗಿಲ್ಲ.

ಆ ಹಟವನ್ನು ಲೆಕ್ಕದಲ್ಲಿಯೂ ತೋರಿಸಬಹುದು. ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ ಒಂದು ಲೀಟರು ಶುದ್ಧ ನೀರಿಗೆ ಎಷ್ಟು ತುಕ್ಕನ್ನು ಹಾಕಿ ಕದಡಿದರೂ, ಅದರಿಂದ ಬಿಡುಗಡೆ ಹೊಂದಿ ಯಾವುದಕ್ಕೂ ಅಂಟದೆ ಒಂಟಿಯಾಗಿ ತಿರುಗುವ ಫೆರಿಕ್ ಕಣಗಳು ಸುಮಾರು ಆರು ಲಕ್ಷ ಮಾತ್ರ. ಆರು ಲಕ್ಷವೆಂದರೆ ನಮಗೆ ಬಹಳವೆಂದು ತೋರೀತು. ಆದರೆ ಒಂದೇ ಒಂದು ಬ್ಯಾಕ್ಟೀರಿಯವು ತನ್ನಂತೆ ಇನ್ನೊಂದನ್ನು ಹುಟ್ಟಿಸಬೇಕಾದರೆ ಒಂದು ಲಕ್ಷದಿಂದ ಹತ್ತು ಲಕ್ಷದವರೆಗೆ ಕಬ್ಬಿಣದ ಪರಮಾಣುಗಳು ಬೇಕು! ಒಂದು ಚಮಚ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಗಳಿರುವಲ್ಲಿ, ಒಂದೊಂದಕ್ಕೆ ಒಂದೊಂದು ಲೀಟರು ನೀರನ್ನು ಎಲ್ಲಿಂದ ತರುವುದು? ತಾನಾಗಿ ಕರಗಿ ಬರುವ ಕಬ್ಬಿಣವನ್ನು ಕಾಯುತ್ತ ಕುಳಿತರೆ ಅವು ಉಳಿಯುವಂತಿಲ್ಲ. ಅವು ಹುಡುಕಿಕೊಂಡು ಹೋಗಿ ಕಿತ್ತು ತರಲೇಬೇಕು.

ಕಿತ್ತು ತರುವ ಉಪಾಯಗಳು ಮೂರು. ಮೊದಲನೆಯದು ಹುಳಿ. ಮಣ್ಣಿನ ಅನೇಕ ಬ್ಯಾಕ್ಟೀರಿಯಗಳೂ ಬೂಷ್ಟುಗಳೂ ಆಕ್ಸಾಲಿಕ್, ಸಿಟ್ರಿಕ್ ಮುಂತಾದ ಆಮ್ಲಗಳನ್ನು ಹೊರಸೂಸುತ್ತವೆ. ಆಮ್ಲತೆಯ ಅಳತೆಗೋಲಿನಲ್ಲಿ ನೀರು ಒಂದು ಮೆಟ್ಟಿಲು ಹುಳಿಯಾದರೆ ಬಿಡಿ ಫೆರಿಕ್ ಕಣಗಳ ಸಂಖ್ಯೆಯು ಸಾವಿರ ಪಟ್ಟು ಹೆಚ್ಚುತ್ತದೆ. ಆದರೆ ಸುಣ್ಣದಂಶವು ಹೆಚ್ಚಾಗಿರುವ ನೆಲದಲ್ಲಿ ಈ ಉಪಾಯವು ನಡೆಯದು; ಎಷ್ಟು ಹುಳಿಯನ್ನು ಸುರಿದರೂ ಸುಣ್ಣವು ಅದನ್ನು ನುಂಗಿಬಿಡುತ್ತದೆ. ಎರಡನೆಯದು ಫೆರಿಕ್ ಕಬ್ಬಿಣಕ್ಕೆ ಒಂದು ಎಲೆಕ್ಟ್ರಾನನ್ನು ದಾನಮಾಡಿ ಅದನ್ನು ಕರಗುವ ಫೆರಸ್ ಕಬ್ಬಿಣವನ್ನಾಗಿ ಬದಲಾಯಿಸುವುದು. ಗಾಳಿಯಾಡದ ಕೆಸರಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಗಾಳಿಯಾಡುವ ಮಣ್ಣಿನಲ್ಲಿ ಹೀಗೆ ಕರಗಿದ ಕಬ್ಬಿಣವು ಬೇಗನೆ ಪುನಃ ತುಕ್ಕಾಗುತ್ತದೆ. ಮೂರನೆಯ ಉಪಾಯವು ಕಬ್ಬಿಣವನ್ನು ಹಿಡಿದು ತರುವ ದೂತರನ್ನು ಕಳುಹಿಸುವುದು. ಮಣ್ಣಿನ ಬ್ಯಾಕ್ಟೀರಿಯಗಳ ಕುಶಲತೆಯೆಲ್ಲ ಈ ಮೂರನೆಯದರಲ್ಲಿ ಕಾಣಬರುತ್ತದೆ. ನಿಂಬೆಯ ರಸವು ಬಟ್ಟೆಯ ಕಲೆಯನ್ನು ತೆಗೆಯುವುದು ಈ ಮೂರು ಉಪಾಯಗಳೂ ಅದರಲ್ಲಿ ಒಟ್ಟುಗೂಡಿರುವುದರಿಂದಲೇ: ಅದು ಹುಳಿಯಾಗಿದೆ, ಅದರ ಸಿ ಜೀವಸತ್ವವು ಎಲೆಕ್ಟ್ರಾನನ್ನು ಕೊಡುತ್ತದೆ, ಅದರ ಸಿಟ್ರಿಕ್ ಆಮ್ಲವು ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ.

ಈ ದೂತರ ಹೆಸರು ಸಿಡೆರೊಫೋರ್. ಗ್ರೀಕ್ ಭಾಷೆಯಲ್ಲಿ ಕಬ್ಬಿಣವನ್ನು ಹೊರುವವನೆಂದು ಇದರ ಅರ್ಥ. ಇವುಗಳನ್ನು ಕಂಡುಹಿಡಿದ ಚರಿತ್ರೆಯು ದನಗಳ ಒಂದು ರೋಗದಿಂದ ಪ್ರಾರಂಭವಾಗುತ್ತದೆ. ಜೋನ್ ರೋಗವೆಂಬ ಕರುಳಿನ ಬೇನೆಯನ್ನುಂಟುಮಾಡುವ ಬ್ಯಾಕ್ಟೀರಿಯವನ್ನು ಗಾಜಿನ ನಳಿಗೆಯಲ್ಲಿ ಬೆಳೆಸಲು ಇಂಗ್ಲೆಂಡಿನ ಟ್ವಾರ್ಟ್ ಮತ್ತು ಇಂಗ್ರಾಮ್ ಎಂಬವರು ಪ್ರಯತ್ನಪಟ್ಟರು. ಎಂಥ ಪುಷ್ಟಿಕರವಾದ ಆಹಾರವನ್ನು ಕೊಟ್ಟರೂ ಅದು ಬೆಳೆಯಲಿಲ್ಲ. ಅದರ ಹತ್ತಿರದ ಸಂಬಂಧಿಗಳಾದ ಬೇರೆ ಬ್ಯಾಕ್ಟೀರಿಯಗಳನ್ನು ಕೊಂದು, ಅವುಗಳ ಸಾರವನ್ನು ಬೆರಸಿದಾಗ ಮಾತ್ರ ಬೆಳೆಯಿತು. ಯಾವುದೋ ಒಂದು ಅವಶ್ಯಕ ವಸ್ತುವು ಆ ಸಾರದಲ್ಲಿದೆಯೆಂದು 1912ರಲ್ಲಿ ಅವರು ಪ್ರಕಟಿಸಿದರು. ಆ ವಸ್ತುವು ಕೈಗೆ ಸಿಕ್ಕಿ ಮೈಕೋಬ್ಯಾಕ್ಟಿನ್ ಎಂಬ ಹೆಸರನ್ನು ಪಡೆದುದು 1949ರ ಹೊತ್ತಿಗೆ. 1952ರಲ್ಲಿ ಅಮೆರಿಕದ ನೀಲೆಂಡ್ಸ್ ಎಂಬ ರಸಾಯನಶಾಸ್ತ್ರಜ್ಞನು ಕಾಡಿಗೆರೋಗದ ಜಾತಿಯ ಒಂದು ಬೂಷ್ಟಿನಿಂದ ಕಬ್ಬಿಣವುಳ್ಳ ಹರಳುಗಳನ್ನು ಬೇರ್ಪಡಿಸಿ ಅವಕ್ಕೆ ಫೆರಿಕ್ರೋಮ್ ಎಂದು ಹೆಸರಿಟ್ಟನು. 1956ರಲ್ಲಿ ಆತನೂ ಗರಿಬಾಲ್ಡಿಯೆಂಬ ಸಹೋದ್ಯೋಗಿಯೂ ಕೂಡಿ ಮುಖ್ಯವಾದ ಒಂದು ಸಂಗತಿಯನ್ನು ತಿಳಿಸಿದರು: ಆಹಾರದಲ್ಲಿ ಕಬ್ಬಿಣವನ್ನು ಕಡಮೆಮಾಡಿದಷ್ಟೂ ಸೂಕ್ಷ್ಮಜೀವಿಗಳು ಇಂಥ ವಸ್ತುಗಳನ್ನು ಹೆಚ್ಚು ಹೆಚ್ಚಾಗಿ ಹೊರಗೆ ಸುರಿಯುತ್ತವೆ. ಹಸಿದವನು ಹೆಚ್ಚು ಬಲೆಗಳನ್ನು ಬೀಸುವಂತೆ ಇದಾಯಿತು. ಸಿಡೆರೊಫೋರ್ ಎಂಬ ಹೆಸರು 1973ರಲ್ಲಿ ಬಳಕೆಗೆ ಬಂತು. ಈಗ ಇಂಥವು ಐನೂರಕ್ಕಿಂತ ಹೆಚ್ಚು ಗೊತ್ತಾಗಿವೆ.

ಸಿಡೆರೊಫೋರ್ ಕಬ್ಬಿಣವನ್ನು ಹಿಡಿಯುವ ರೀತಿಯನ್ನು ಹೀಗೆ ಊಹಿಸಿಕೊಳ್ಳಬಹುದು. ಫೆರಿಕ್ ಕಣದ ಸುತ್ತಲೂ, ಮೇಲೆ, ಕೆಳಗೆ, ಮತ್ತು ನಾಲ್ಕು ದಿಕ್ಕುಗಳಲ್ಲಿ, ಒಟ್ಟು ಆರು ಸ್ಥಾನಗಳಿವೆ. ಆ ಆರರಲ್ಲಿಯೂ ಆಮ್ಲಜನಕದ ಪರಮಾಣುಗಳು ಇರುವುದೇ ಅದಕ್ಕೆ ಪ್ರಿಯ. ತುಕ್ಕಿನೊಳಗೆ ಅದಕ್ಕೆ ಆಮ್ಲಜನಕದ ನೆರೆಹೊರೆಯು ಸಿಕ್ಕಿರುವುದರಿಂದಲೇ ಅದು ಅಲ್ಲಿಂದ ಕದಲುವುದಿಲ್ಲ. ಸಿಡೆರೊಫೋರು ಅದಕ್ಕಿಂತ ಒಳ್ಳೆಯ ನೆರೆಹೊರೆಯನ್ನು ಒದಗಿಸಿಕೊಡುತ್ತದೆ. ಅದಕ್ಕೆ ಸಾಧಾರಣವಾಗಿ ಮೂರು ಕೈಗಳು; ಒಂದೊಂದು ಕೈಗೆ ಆಮ್ಲಜನಕದ ಎರಡೆರಡು ಬೆರಳುಗಳು. ಮೂರು ಕೈಗಳೂ ಒಂದೇ ಬೆನ್ನಿಗೆ ಸೇರಿರುವುದರಿಂದ ಒಂದು ಕೈ ಸಡಿಲವಾದರೂ ಉಳಿದೆರಡು ಬಿಡುವುದಿಲ್ಲ. ನಮ್ಮ ಕರುಳಿನಲ್ಲಿ ವಾಸಿಸುವ ಕೆಲವು ಬ್ಯಾಕ್ಟೀರಿಯಗಳು ತಯಾರಿಸುವ ಎಂಟೆರೊಬ್ಯಾಕ್ಟಿನ್ ಎಂಬುದರ ಹಿಡಿತವು ಇದುವರೆಗೆ ಅಳೆದವುಗಳಲ್ಲೆಲ್ಲ ಅತ್ಯಂತ ಬಲವಾದವುಗಳಲ್ಲೊಂದು. ಅದರ ಬಲವನ್ನು ಸೂಚಿಸುವ ಸಂಖ್ಯೆಯು 1ರ ಮುಂದೆ ಸುಮಾರು ಐವತ್ತು ಸೊನ್ನೆಗಳನ್ನಿಟ್ಟಷ್ಟು ದೊಡ್ಡದು.

ಈ ಎಂಟೆರೊಬ್ಯಾಕ್ಟಿನ್ನಿನ ಕೈಗಳಿಗೆ ಕ್ಯಾಟೆಕೋಲ್ ಎಂದು ಹೆಸರು. ತಾಂಬೂಲಕ್ಕೆ ಹಾಕುವ ಕಾಚಿಗೆ ಪಾಶ್ಚಾತ್ಯರು ಕ್ಯಾಟೆಚು ಎನ್ನುತ್ತಾರೆ. ಅದರಿಂದಲೇ ಈ ಹೆಸರು ಹುಟ್ಟಿತು. ಕಾಚಿನ ಮತ್ತು ಚಹದ ಚೊಗರಿನಲ್ಲಿಯೂ ಕಬ್ಬಿಣವನ್ನು ಹಿಡಿಯುವ ಇಂಥದೇ ಕೈಗಳಿವೆ. ಬಾಳೆಕಾಯಿಯನ್ನಾಗಲಿ ನೆಲ್ಲಿಕಾಯಿಯನ್ನಾಗಲಿ ಕಬ್ಬಿಣದ ಈಳಿಗೆಮಣೆಯಲ್ಲಿ ಹೆಚ್ಚಿದರೆ ಕಪ್ಪಾಗುವುದೂ, ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರಸಿದರೆ ಮಸಿಯಾಗುವುದೂ ಇದೇ ಗುಣದಿಂದ. ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಹೈಡ್ರಾಕ್ಸಮೇಟ್ ಎಂಬ ಬೇರೊಂದು ಬಗೆಯ ಕೈಗಳುಳ್ಳ ಸಿಡೆರೊಫೋರುಗಳೂ ಬಹಳ ಸಾಮಾನ್ಯ.

ಖನಿಜದ ಮೇಲೆ ಇವು ಕೆಲಸಮಾಡುವ ಕ್ರಮವು ಸಾವಧಾನವಾದುದು. ಜೀವಕಣದಿಂದ ಹೊರಟ ಸಿಡೆರೊಫೋರು ಮಣ್ಣಿನ ತೇವದಲ್ಲಿ ತೇಲುತ್ತ ಹೋಗಿ, ತುಕ್ಕಿನ ಹರಳಿನ ಮೇಲ್ಮೈಯಲ್ಲಿರುವ ಒಂದು ಕಬ್ಬಿಣದ ಕಣಕ್ಕೆ ತಗಲಿಕೊಳ್ಳುತ್ತದೆ. ಆ ಹಿಡಿತದಿಂದ ಹರಳಿನೊಡನೆ ಇದ್ದ ಕಬ್ಬಿಣದ ಬಂಧಗಳು ಒಂದೊಂದಾಗಿ ಸಡಿಲವಾಗುತ್ತವೆ. ಗೋಡೆಯಿಂದ ಒಂದು ಕಲ್ಲನ್ನು ಅಲುಗಾಡಿಸಿ ಅಲುಗಾಡಿಸಿ ಕಿತ್ತಂತೆ ಕೊನೆಗೆ ಆ ಕಣವು ಬಿಟ್ಟುಬರುತ್ತದೆ. ಆಕ್ಸಾಲಿಕ್ ಆಮ್ಲವೂ ಜೊತೆಗಿದ್ದರೆ ಕೆಲಸವು ಇನ್ನೂ ಬೇಗ ಸಾಗುತ್ತದೆ. ಚಿಕ್ಕ ಆಮ್ಲವು ಮೇಲ್ಮೈಯನ್ನು ಸಡಿಲಿಸುತ್ತದೆ, ಸಿಡೆರೊಫೋರು ಸಡಿಲವಾದುದನ್ನು ಹೊತ್ತುಕೊಂಡು ಹೋಗುತ್ತದೆ.

ತಂದ ಕಬ್ಬಿಣವನ್ನು ಮನೆಯೊಳಗೆ ಸೇರಿಸುವುದು ಮತ್ತೊಂದು ತೊಡಕು. ಅನೇಕ ಬ್ಯಾಕ್ಟೀರಿಯಗಳಿಗೆ ಹೊರಗೊಂದು ಒಳಗೊಂದು ಎರಡು ಪೊರೆಗಳಿವೆ. ಹೊರಪೊರೆಯಲ್ಲಿರುವ ಸಾಮಾನ್ಯ ರಂಧ್ರಗಳಲ್ಲಿ ನುಸುಳಲಾರದಷ್ಟು ದಪ್ಪವಾಗಿರುತ್ತದೆ, ಕಬ್ಬಿಣವನ್ನು ಹೊತ್ತ ಸಿಡೆರೊಫೋರು. ಆದಕಾರಣ ಅದಕ್ಕಾಗಿಯೇ ಪ್ರತ್ಯೇಕವಾದ ಬಾಗಿಲುಗಳಿವೆ. ಬೀಗಕ್ಕೆ ಬೀಗದ ಕೈಯಿರುವಂತೆ ಒಂದೊಂದು ಬಾಗಿಲು ಒಂದೊಂದು ಬಗೆಯ ಸಿಡೆರೊಫೋರನ್ನು ಗುರುತಿಸುತ್ತದೆ. ಬಾಗಿಲು ತೆರೆಯಲು ಬೇಕಾದ ಶಕ್ತಿಯನ್ನು ಒಳಪೊರೆಯಿಂದ ಟಾನ್‌ಬಿ ಎಂಬ ಸಸಾರಜನಕ ವಸ್ತುವು ಒದಗಿಸಿಕೊಡುತ್ತದೆ. ಒಳಕ್ಕೆ ಬಂದ ಮೇಲೆ ಇಷ್ಟು ಬಿಗಿಯಾದ ಹಿಡಿತವನ್ನು ಬಿಡಿಸುವುದು ಹೇಗೆ? ಫೆರಿಕ್ ಕಬ್ಬಿಣಕ್ಕೆ ಒಂದು ಎಲೆಕ್ಟ್ರಾನನ್ನು ಕೊಟ್ಟು ಫೆರಸನ್ನಾಗಿ ಮಾಡಿದರೆ ಸಿಡೆರೊಫೋರಿನ ಹಿಡಿತವು ತಾನಾಗಿ ಸಡಿಲವಾಗುತ್ತದೆ. ಬರಿದಾದ ದೂತನನ್ನು ಪುನಃ ಹೊರಗೆ ಕಳುಹಿಸಬಹುದು. ಎಂಟೆರೊಬ್ಯಾಕ್ಟಿನ್ನಿನ ಹಿಡಿತವು ಅತಿ ಬಲವಾದುದರಿಂದ, ಅದನ್ನು ಕತ್ತರಿಸಿಯೇ ಕಬ್ಬಿಣವನ್ನು ತೆಗೆದುಕೊಳ್ಳಬೇಕಾಗುತ್ತದೆ.

ಈ ಗೃಹಕೃತ್ಯದಲ್ಲಿ ಮಿತವ್ಯಯವೂ ಉಂಟು. ಕಬ್ಬಿಣವು ಅತಿಯಾದರೆ ವಿಷ. ಅದು ಆಮ್ಲಜನಕದೊಡನೆ ಕೂಡಿ ಜೀವಕಣವನ್ನೇ ಸುಡಬಲ್ಲ ವಸ್ತುಗಳನ್ನು ಹುಟ್ಟಿಸುತ್ತದೆ. ಆದುದರಿಂದ ಅನೇಕ ಬ್ಯಾಕ್ಟೀರಿಯಗಳಲ್ಲಿ ಫರ್ ಎಂಬ ಕಾವಲುಗಾರನಿದ್ದಾನೆ. ಒಳಗೆ ಕಬ್ಬಿಣವು ಸಾಕಷ್ಟಿದ್ದಾಗ ಅದು ಫೆರಸ್ ಕಣವನ್ನು ಹಿಡಿದುಕೊಂಡು, ಸಿಡೆರೊಫೋರುಗಳನ್ನು ತಯಾರಿಸಲು ಅಪ್ಪಣೆ ಕೊಡುವ ವಂಶಸೂತ್ರದ ಭಾಗದ ಮೇಲೆ ಕುಳಿತುಬಿಡುತ್ತದೆ, ತಯಾರಿಕೆಯು ನಿಲ್ಲುತ್ತದೆ. ಕಬ್ಬಿಣವು ತೀರುತ್ತ ಬಂದಾಗ ಅದು ಎದ್ದುಹೋಗುತ್ತದೆ. ತಯಾರಿಕೆಯು ಮತ್ತೆ ಪ್ರಾರಂಭವಾಗುತ್ತದೆ. ಪಾತ್ರೆಯು ತುಂಬಿದಾಗ ನಲ್ಲಿಯನ್ನು ನಿಲ್ಲಿಸುವ ಜಾಣತನವನ್ನು ಕಣ್ಣಿಗೆ ಕಾಣದ ಈ ಜೀವಿಯಿಂದಲೂ ಕಲಿಯಬಹುದು.

ಮಣ್ಣಿನೊಳಗೆ ಎಲ್ಲರೂ ಪ್ರಾಮಾಣಿಕರೆಂದು ಮಾತ್ರ ತಿಳಿಯಬೇಡಿರಿ. ತಾವು ಸಿಡೆರೊಫೋರುಗಳನ್ನು ಮಾಡದೆ, ಇತರರು ಕಳುಹಿಸಿದವಕ್ಕೆ ಹೊಂದುವ ಬಾಗಿಲುಗಳನ್ನು ಮಾತ್ರ ಇಟ್ಟುಕೊಂಡು, ಪರರು ಗಳಿಸಿದ ಕಬ್ಬಿಣವನ್ನು ಒಳಗೆ ಸೆಳೆದುಕೊಳ್ಳುವವುಗಳೂ ಉಂಟು. ಹೀಗೆ ಕಬ್ಬಿಣಕ್ಕಾಗಿ ನಡೆಯುವ ಈ ಪೈಪೋಟಿಯಿಂದ ರೈತನಿಗೆ ಲಾಭವಾಗುವ ಸಂದರ್ಭಗಳಿವೆ. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಗಳು ಗಿಡದ ಬೇರುಗಳ ಬಳಿಯಲ್ಲಿ ವಾಸಿಸಿ, ಹಳದಿ ಹಸುರು ಬಣ್ಣದ, ನೀಲಾತೀತ ಬೆಳಕಿನಲ್ಲಿ ಹೊಳೆಯುವ ಸಿಡೆರೊಫೋರನ್ನು ಸುರಿಸುತ್ತವೆ. ಅದು ಸುತ್ತಲಿನ ಕಬ್ಬಿಣವನ್ನೆಲ್ಲ ಸೆಳೆದುಕೊಳ್ಳುವುದರಿಂದ ಬೇರನ್ನು ಕೊಳೆಯಿಸುವ ರೋಗಾಣುಗಳು ಕಬ್ಬಿಣವಿಲ್ಲದೆ ಸೊರಗುತ್ತವೆ. 1980ರಲ್ಲಿ ಕ್ಯಾಲಿಫೋರ್ನಿಯದ ಕ್ಲೊಪ್ಪರ್ ಮತ್ತು ಅವನ ಸಂಗಡಿಗರು, ಬ್ಯಾಕ್ಟೀರಿಯವನ್ನು ಬಿಟ್ಟು ಅದರ ಶುದ್ಧ ಸಿಡೆರೊಫೋರನ್ನು ಮಾತ್ರ ಕೊಟ್ಟರೂ ಗಿಡಗಳು ಹೆಚ್ಚು ಚೆನ್ನಾಗಿ ಬೆಳೆದುವೆಂದು ತೋರಿಸಿಕೊಟ್ಟರು. ಬಿತ್ತನೆಯ ಬೀಜಕ್ಕೆ ಸ್ಯೂಡೊಮೊನಾಸ್ ಪುಡಿಯನ್ನು ಲೇಪಿಸುವ ಇಂದಿನ ಪದ್ಧತಿಯ ಪ್ರಯೋಜನಗಳಲ್ಲಿ ಇದೂ ಒಂದು.

ಗಿಡಗಳೂ ಸುಮ್ಮನಿರುವುದಿಲ್ಲ. ಕಡಲೆಕಾಯಿ, ಅವರೆ ಮುಂತಾದವು ಬೇರಿನಿಂದ ಹುಳಿಯನ್ನು ಸೂಸಿ, ಬೇರಿನ ಮೇಲ್ಮೈಯಲ್ಲಿಯೇ ಫೆರಿಕ್ ಕಬ್ಬಿಣವನ್ನು ಫೆರಸನ್ನಾಗಿ ಬದಲಾಯಿಸಿ ಹೀರಿಕೊಳ್ಳುತ್ತವೆ. ಹುಲ್ಲಿನ ಜಾತಿಗೆ ಸೇರಿದ ಗೋಧಿ, ಜವೆಗೋಧಿ, ಮೆಕ್ಕೆಜೋಳಗಳಾದರೋ ಬ್ಯಾಕ್ಟೀರಿಯಗಳಂತೆಯೇ ದೂತರನ್ನು ಕಳುಹಿಸುತ್ತವೆ. ಇದನ್ನು ಜಪಾನಿನ ತಕಾಗಿ ಎಂಬ ವಿದ್ವಾಂಸನು 1976ರಲ್ಲಿ ತಿಳಿಯಪಡಿಸಿದನು. ಆ ವಸ್ತುವಿಗೆ ಜಪಾನೀ ಭಾಷೆಯ ಮುಗಿ, ಅಂದರೆ ಜವೆಗೋಧಿ, ಎಂಬ ಶಬ್ದದಿಂದಲೇ ಮುಗಿನೆಯಿಕ್ ಆಮ್ಲವೆಂದು ಹೆಸರಾಯಿತು. ಸುಣ್ಣದಂಶವಿರುವ ಭೂಮಿಯಲ್ಲಿ ಕಡಲೆಕಾಯಿಯ ಎಳೆಯ ಎಲೆಗಳು ನರಗಳು ಮಾತ್ರ ಹಸುರಾಗಿದ್ದು ಉಳಿದೆಲ್ಲ ಹಳದಿಯಾಗುವುದನ್ನು ಅನೇಕ ಪೋಷಕರು ತಮ್ಮ ಹೊಲಗಳಲ್ಲಿ ಕಂಡಿರಬಹುದು. ಅದು ಗಿಡಗಳ ರಕ್ತಹೀನತೆಯೆನ್ನಬಹುದು. ಅಂಥ ನೆಲದಲ್ಲಿ ಕಡಲೆಕಾಯಿಯ ಸಾಲುಗಳ ನಡುವೆ ಮೆಕ್ಕೆಜೋಳವನ್ನು ಬೆಳೆದರೆ ಕಡಲೆಕಾಯಿಯ ಹಳದಿಯು ಕಡಮೆಯಾಗುವುದೆಂದು ಚೀನದೇಶದ ಕೃಷಿವಿಜ್ಞಾನಿಗಳು ತೋರಿಸಿದ್ದಾರೆ. ಮೆಕ್ಕೆಜೋಳವು ಕರಗಿಸಿದ ಕಬ್ಬಿಣವು ನೆರೆಯವನಿಗೂ ಒದಗುತ್ತದೆ.

ಕಬ್ಬಿಣವನ್ನು ಆಹಾರಕ್ಕಾಗಿಯಲ್ಲದೆ ಉಸಿರಾಟಕ್ಕಾಗಿ ಉಪಯೋಗಿಸುವ ಬ್ಯಾಕ್ಟೀರಿಯಗಳನ್ನೂ ಒಂದು ಮಾತಿನಲ್ಲಿ ಹೇಳಬೇಕು. ನೀರು ನಿಂತ ಗದ್ದೆಯ ಕೆಸರಿನಲ್ಲಿ ಆಮ್ಲಜನಕವಿಲ್ಲ. ಅಲ್ಲಿ ಜಿಯೊಬ್ಯಾಕ್ಟರ್ ಮೊದಲಾದವು ನಾವು ಆಮ್ಲಜನಕಕ್ಕೆ ಕೊಡುವ ಎಲೆಕ್ಟ್ರಾನ್‌ಗಳನ್ನು ತುಕ್ಕಿಗೆ ಕೊಡುತ್ತವೆ. ತುಕ್ಕು ಕರಗಿ ಕೆಂಪು ಮಣ್ಣು ಬೂದು ಬಣ್ಣಕ್ಕೆ ತಿರುಗುತ್ತದೆ. ಸೇದಿದಾಗ ತಿಳಿಯಾಗಿದ್ದ ಕೆಲವು ಬಾವಿಗಳ ನೀರು ಕೊಡದಲ್ಲಿ ಒಂದು ರಾತ್ರಿ ನಿಂತಮೇಲೆ ಕೆಂಪಾಗುವುದು, ಹೀಗೆ ಕರಗಿದ್ದ ಕಬ್ಬಿಣವು ಗಾಳಿ ತಗಲಿ ಪುನಃ ತುಕ್ಕಾಗುವುದರಿಂದಲೇ.

ಇನ್ನು ನಮ್ಮ ಶರೀರಕ್ಕೆ ಬರೋಣ. ರೋಗಾಣುಗಳಿಗೂ ಕಬ್ಬಿಣ ಬೇಕು. ಆದುದರಿಂದ ಶರೀರವು ತನ್ನ ಕಬ್ಬಿಣವನ್ನು ಬಿಡಿಯಾಗಿ ಎಲ್ಲಿಯೂ ಚೆಲ್ಲಿರುವುದಿಲ್ಲ. 1944ರಲ್ಲಿ ಶೇಡ್ ಮತ್ತು ಕ್ಯಾರೊಲಿನ್ ಎಂಬವರು ಮೊಟ್ಟೆಯ ಬಿಳಿಯ ಭಾಗದಲ್ಲಿ ಭೇದಿಯ ರೋಗಾಣುಗಳು ಬೆಳೆಯುವುದಿಲ್ಲವೆಂದೂ, ಕಬ್ಬಿಣವನ್ನು ಸೇರಿಸಿದರೆ ಬೆಳೆಯುತ್ತವೆಂದೂ ಕಂಡರು. ಮೊಟ್ಟೆಯೊಳಗಿನ ಮರಿಯನ್ನು ಕಾಯುವುದು ಕಬ್ಬಿಣವನ್ನು ಬಚ್ಚಿಡುವ ಒಂದು ವಸ್ತು. ತಾಯಿಯ ಹಾಲಿನಲ್ಲಿಯೂ ಲ್ಯಾಕ್ಟೊಫೆರಿನ್ ಎಂಬ ಇಂಥದೇ ವಸ್ತುವು ಹೇರಳವಾಗಿದೆ. ಎಳೆಯ ಕೂಸಿಗೆ ತಾಯಿಯ ಹಾಲನ್ನೇ ಕೊಡಬೇಕೆನ್ನುವುದಕ್ಕೆ ಇದೂ ಒಂದು ಕಾರಣ. ರೋಗಾಣುಗಳು ಕಳುಹಿಸಿದ ಎಂಟೆರೊಬ್ಯಾಕ್ಟಿನ್ ದೂತನನ್ನೇ ದಾರಿಯಲ್ಲಿ ಸೆರೆಹಿಡಿಯುವ ವಸ್ತುವೊಂದು ನಮ್ಮ ಶರೀರದಲ್ಲಿರುವುದು 2002ರಲ್ಲಿ ತಿಳಿದುಬಂತು. ವೈದ್ಯರೂ ಇದೇ ಬಾಗಿಲನ್ನು ಉಪಯೋಗಿಸಿಕೊಂಡಿದ್ದಾರೆ. 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೆಫಿಡೆರೊಕಾಲ್ ಎಂಬ ಔಷಧಿಗೆ ಕ್ಯಾಟೆಕೋಲಿನ ಕೈಯನ್ನು ಜೋಡಿಸಲಾಗಿದೆ. ಕಬ್ಬಿಣವು ಬಂತೆಂದು ರೋಗಾಣುವು ಬಾಗಿಲು ತೆರೆಯುತ್ತದೆ. ಒಳಕ್ಕೆ ಬರುವುದು ಅದರ ಮೃತ್ಯು.

ಇವೆಲ್ಲಕ್ಕಿಂತಲೂ ನನ್ನ ಮನಸ್ಸನ್ನು ಮುಟ್ಟಿದ ಉಪಯೋಗವು ಬೇರೊಂದು. ಮೊದಲ ಮಳೆಯಲ್ಲಿ ಮಣ್ಣಿನಿಂದೇಳುವ ಸುವಾಸನೆಗೆ ಬಹುಮಟ್ಟಿಗೆ ಕಾರಣವಾದುದು ಸ್ಟ್ರೆಪ್ಟೊಮೈಸಿಸ್ ಎಂಬ ಕುಲದ ಬ್ಯಾಕ್ಟೀರಿಯ. ಆ ಕುಲದ ಒಂದರಿಂದ ಸ್ವಿಟ್ಸರ್ಲೆಂಡಿನ ವಿಜ್ಞಾನಿಗಳು 1960ರ ಸುಮಾರಿಗೆ ಡೆಸ್‌ಫೆರಿಯಾಕ್ಸಮಿನ್ ಎಂಬ ಸಿಡೆರೊಫೋರನ್ನು ಪಡೆದರು. ಥಲಸ್ಸೇಮಿಯ ಎಂಬ ವಂಶಪಾರಂಪರ್ಯದ ರೋಗವುಳ್ಳ ಮಕ್ಕಳಿಗೆ ಕೆಲವು ವಾರಗಳಿಗೊಮ್ಮೆ ಪರರ ರಕ್ತವನ್ನು ಕೊಡಬೇಕಾಗುತ್ತದೆ. ಒಂದೊಂದು ಚೀಲ ರಕ್ತದೊಡನೆ 200ರಿಂದ 250 ಮಿಲಿಗ್ರಾಂ ಕಬ್ಬಿಣವು ಒಳಗೆ ಸೇರುತ್ತದೆ. ಅದನ್ನು ಹೊರಕ್ಕೆ ಕಳುಹಿಸುವ ದಾರಿಯು ಮನುಷ್ಯಶರೀರಕ್ಕೆ ಇಲ್ಲ. ಅದು ಹೃದಯದಲ್ಲಿಯೂ ಯಕೃತ್ತಿನಲ್ಲಿಯೂ ಕೂಡುತ್ತ ಹೋಗಿ ಬಾಲ್ಯದಲ್ಲಿಯೋ ಯೌವನದಲ್ಲಿಯೋ ಪ್ರಾಣವನ್ನು ಕೊಂಡೊಯ್ಯುತ್ತಿತ್ತು. ಮಣ್ಣಿನ ಬ್ಯಾಕ್ಟೀರಿಯವು ತನ್ನ ಹಸಿವೆಗಾಗಿ ಮಾಡಿಕೊಂಡ ದೂತನು, ರಾತ್ರಿಯೆಲ್ಲ ಚರ್ಮದಡಿಯಲ್ಲಿ ಸಣ್ಣ ಸೂಜಿಯಿಂದ ಹರಿದು, ಆ ಹೆಚ್ಚಿನ ಕಬ್ಬಿಣವನ್ನು ಹಿಡಿದು ಹೊರಕ್ಕೆ ಸಾಗಿಸುತ್ತಾನೆ. ಅನಂತರ ನುಂಗುವ ಔಷಧಿಗಳೂ ಬಂದಿವೆ. ಈ ರೋಗದ ಮಕ್ಕಳು ಇಂದು ಓದಿ, ಉದ್ಯೋಗಕ್ಕೆ ಸೇರಿ, ಸಂಸಾರಿಗಳಾಗುವುದು ಸಾಧ್ಯವಾಗಿದೆ.

ಕಬ್ಬಿಣವು ಕಡಮೆಯಾದವರ ವಿಷಯದಲ್ಲಿ ನಾವು ಮನೆಯಲ್ಲಿ ಮಾಡಬಹುದಾದುದೇನು? ನಮ್ಮ ಜಠರವೂ ಕರುಳೂ ಮೇಲೆ ಹೇಳಿದ ಮೊದಲನೆಯ ಎರಡು ಉಪಾಯಗಳನ್ನೇ ಅವಲಂಬಿಸುತ್ತವೆ: ಜಠರದ ಹುಳಿಯು ಕಬ್ಬಿಣವನ್ನು ಕರಗಿಸುತ್ತದೆ, ಕರುಳಿನ ಗೋಡೆಯು ಅದನ್ನು ಫೆರಸನ್ನಾಗಿ ಬದಲಾಯಿಸಿ ಒಳಗೆ ತೆಗೆದುಕೊಳ್ಳುತ್ತದೆ. ಆದಕಾರಣ ಸೊಪ್ಪು, ರಾಗಿ, ಕಾಳುಗಳನ್ನು ಬಡಿಸಿದರೆ ಸಾಲದು; ಅವುಗಳೊಳಗಿನ ಕಬ್ಬಿಣವು ಕರಗುವಂತೆ ನೋಡಿಕೊಳ್ಳಬೇಕು. ಊಟದೊಡನೆ ನಿಂಬೆಯ ರಸವನ್ನೋ ನೆಲ್ಲಿಕಾಯಿಯನ್ನೋ ಪೇರಳೆಹಣ್ಣನ್ನೋ ಕೊಡಿರಿ. ಕಾಳುಗಳನ್ನು ನೆನೆಯಿಸಿ ಮೊಳಕೆ ಬರಿಸಿದರೆ ಅವುಗಳಲ್ಲಿ ಕಬ್ಬಿಣವನ್ನು ಕಟ್ಟಿಹಾಕುವ ವಸ್ತುವು ಕಡಮೆಯಾಗುತ್ತದೆ. ಚಹವನ್ನೂ ಕಾಫಿಯನ್ನೂ ಊಟದ ಜೊತೆಯಲ್ಲಿ ಕೊಡಬೇಡಿರಿ. ಅವುಗಳ ಚೊಗರು ಕಬ್ಬಿಣವನ್ನು ಹಿಡಿದು ಕರುಳಿಗೆ ಸಿಕ್ಕದಂತೆ ಮಾಡುತ್ತದೆ. ಅಟ್ಟದ ಮೇಲೆ ಹಾಕಿರುವ ಅಜ್ಜಿಯ ಕಾಲದ ಕಬ್ಬಿಣದ ಬಾಣಲೆಯನ್ನು ಕೆಳಗಿಳಿಸಿರಿ. ಹುಳಿ ಹಾಕಿದ ಪದಾರ್ಥವನ್ನು ಅದರಲ್ಲಿ ಬೇಯಿಸಿದರೆ ಸ್ವಲ್ಪ ಕಬ್ಬಿಣವು ಅದರಿಂದಲೂ ಇಳಿಯುತ್ತದೆ.

ಶಾಲೆಗಳಲ್ಲಿ ವಾರಕ್ಕೊಮ್ಮೆ ಹಂಚುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ಅದು ಕರಗುವ ರೂಪದಲ್ಲಿಯೇ ಇದೆ. ಅದನ್ನು ನುಂಗಿದ ಮಾರನೆಯ ದಿನ ಮಲವು ಕಪ್ಪಾಯಿತೆಂದು ಹೆದರಿ ಕೆಲವು ಹುಡುಗಿಯರು ಮಾತ್ರೆಯನ್ನು ಕಿಟಕಿಯಿಂದ ಹೊರಗೆ ಎಸೆಯುವುದುಂಟು. ಶರೀರವು ತೆಗೆದುಕೊಳ್ಳದೆ ಉಳಿದ ಕಬ್ಬಿಣದ ಬಣ್ಣವೇ ಅದೆಂದು ತಾಯಂದಿರು ಅವರಿಗೆ ತಿಳಿಯಹೇಳಬೇಕು. ಬಳಲಿಕೆಯೂ ಮುಖದ ಬಿಳಿಚುವಿಕೆಯೂ ಹೋಗದಿದ್ದರೆ ಅದು ಯಾವ ಬಗೆಯ ರಕ್ತಹೀನತೆಯೆಂದು ವೈದ್ಯರಿಂದ ಪರೀಕ್ಷೆಮಾಡಿಸಬೇಕು. ಯಾಕಂದರೆ ಥಲಸ್ಸೇಮಿಯದವರಿಗೆ ಹೆಚ್ಚಿನ ಕಬ್ಬಿಣವು ಅಪಾಯಕರವೆಂಬುದನ್ನು ಮೇಲೆ ನೋಡಿದೆವು.

ಇದ್ದ ಮಾತ್ರಕ್ಕೆ ಯಾವ ವಸ್ತುವೂ ಒದಗಲಾರದು. ಅದನ್ನು ಉಪಯೋಗಕ್ಕೆ ಬರುವ ರೂಪಕ್ಕೆ ತಿರುಗಿಸಿಕೊಳ್ಳುವ ಉಪಾಯವೂ ಬೇಕು. ಬ್ಯಾಕ್ಟೀರಿಯಗಳು ಆ ಉಪಾಯವನ್ನು ವಂಶಪರಂಪರೆಯಾಗಿ ಪಡೆದಿವೆ. ನಾವು ಅದನ್ನು ಕಲಿತು, ಕಲಿತುದನ್ನು ಅಡುಗೆಯ ಮನೆಯಲ್ಲಿ ನಡೆಸಬೇಕಾಗಿದೆ. ನಮ್ಮ ಹಳೆಯ ವಿದ್ಯಾರ್ಥಿನಿಯರು ತಮ್ಮ ತಮ್ಮ ಮನೆಗಳಲ್ಲಿ ಊಟಕ್ಕೆ ಕುಳಿತ ಹೆಣ್ಣುಮಗುವಿನ ಎಲೆಗೆ ಅರ್ಧ ನಿಂಬೆಹಣ್ಣನ್ನು ಹಿಂಡುವುದಕ್ಕೆ ಈ ಲೇಖನವು ಕಾರಣವಾದರೆ, ಇದನ್ನು ಬರೆದ ಶ್ರಮವು ಸಾರ್ಥಕವೆಂದು ತಿಳಿಯುವೆನು.